ಕೊರಳ ಕೊಬ್ಬರಿ ಕಾಯುವ ಹೋರಿ

ಹೋರಿ ಬೆದರಿಸುವ ಸ್ಪರ್ಧೆ ಹಾವೇರಿ ಸೀಮೆಯ ಚಳಿಗಾಲದ ದೊಡ್ಡ ಆಟ. ಸಿಂಗರಿಸಿದ ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಎರಡೂ ಕಡೆ ಜನ ನಿಂತ ಉದ್ದನೆಯ ಅಖಾಡದಲ್ಲಿ ಓಡಲು ಬಿಡುತ್ತಾರೆ. ಹೋರಿ ಹಿಡಿಯುವ ಯುವಕರು, ಈ ಭಾಗದ ಮಾತಿನಲ್ಲಿ ಪೈಲ್ವಾನರು, ಅದರ ಮೇಲೆ ಬಿದ್ದು ಸರ ಹರಿಯಲು ನೋಡುತ್ತಾರೆ. ಸರ ಉಳಿಸಿಕೊಂಡು ಅಖಾಡ ದಾಟಿದರೆ ಹೋರಿಯ ಗೆಲುವು, ಹರಿದುಕೊಂಡರೆ ಪೈಲ್ವಾನನ ಗೆಲುವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್, ಹಿರೇಕೆರೂರು ತಾಲ್ಲೂಕುಗಳಲ್ಲೂ ಪಕ್ಕದ ಶಿಕಾರಿಪುರ, ಸೊರಬದ ಕಡೆಯೂ ಇದಕ್ಕೆ ಹೋರಿ ಹಬ್ಬ, ಕೊಬ್ಬರಿ ಹೋರಿ, ದನ ಬೆದರಿಸುವುದು ಎಂಬ ಹೆಸರುಗಳಿವೆ.

ಮೂಲದಲ್ಲಿ ಇದು ದೀಪಾವಳಿಯ ಆಚರಣೆ. ಬಲಿಪಾಡ್ಯಮಿಯ ದಿನ ಸಗಣಿಯಲ್ಲಿ ಹಟ್ಟೆವ್ವನನ್ನು ಮಾಡಿ, ಚೆಂಡು ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಪೂಜೆ ಮಾಡುವ ಮನೆಗಳಲ್ಲಿ ದನಗಳಿಗೂ ಅಂದೇ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ತಿನ್ನುವ ವಸ್ತುಗಳ ಸರ ಹಾಕಿ ಓಣಿಯಲ್ಲಿ ಓಡಿಸುತ್ತಿದ್ದರು. ಮುಂಗಾರಿನ ಕೆಲಸ ಮುಗಿಸಿದ ಎತ್ತು, ಹೋರಿಗಳಿಗೆ ಮೈ ಸಡಿಲಿಸಿಕೊಳ್ಳುವ ಹೊತ್ತದು; ಹುಡುಗರಿಗೆ ಕೊಬ್ಬರಿಯ ಆಸೆ. ಯಾರು ಗೆದ್ದರೆಂದು ಬರೆದಿಡುವ ಅಗತ್ಯ ಆಗ ಇರಲಿಲ್ಲ. ಕೊಬ್ಬರಿ ಹರಿದವನು ಅದನ್ನು ತಿಂದು ಮುಗಿಸುತ್ತಿದ್ದ.

ಇಂದಿನದು ಬೇರೆಯೇ ಪ್ರಪಂಚ. ಊರಿನ ಸಮಿತಿ ತಿಂಗಳ ಮೊದಲೇ ದಿನ ಗೊತ್ತು ಮಾಡಿ ಬ್ಯಾನರ್ ಕಟ್ಟುತ್ತದೆ, ಪ್ರವೇಶ ಶುಲ್ಕ ಪಡೆದು ಹೋರಿಗಳ ಹೆಸರು ನೋಂದಾಯಿಸುತ್ತದೆ, ಬಹುಮಾನಗಳ ಪಟ್ಟಿ ಪ್ರಕಟಿಸುತ್ತದೆ. ಬೈಕು, ಬಂಗಾರ, ಫ್ರಿಜ್, ಟಿ.ವಿ., ಎತ್ತಿನಗಾಡಿ, ನಗದು ಎಲ್ಲವೂ ಆ ಪಟ್ಟಿಯಲ್ಲಿ ಕಾಣುತ್ತವೆ. ದೀಪಾವಳಿಗೆ ಶುರುವಾದ ಸ್ಪರ್ಧೆಗಳು ಸಂಕ್ರಾಂತಿ ದಾಟಿಯೂ ಊರಿಂದೂರಿಗೆ ನಡೆಯುತ್ತವೆ. ಗೋವಿನಜೋಳ ಮಾರಿ ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ, ಬ್ಯಾಡಗಿಯ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಚೀಲಗಳು ಬರತೊಡಗುವ ಕಾಲವೂ ಅದೇ.

ಸ್ಪರ್ಧೆಯ ನಡುಮಧ್ಯೆ ಇರುವುದು ಕೊಬ್ಬರಿ. ಏಲಕ್ಕಿ ಹಾರಕ್ಕೆ ನಾಡಿನಲ್ಲೆಲ್ಲ ಹೆಸರಾದ ಹಾವೇರಿಯಲ್ಲಿ ಅತಿಥಿಯ ಕೊರಳಿಗೆ ಏಲಕ್ಕಿ, ಹೋರಿಯ ಕೊರಳಿಗೆ ಕೊಬ್ಬರಿ. ಒಣಗಿದ ಕೊಬ್ಬರಿ ಬಟ್ಟಲುಗಳಿಗೆ ತೂತು ಕೊರೆದು, ಗಟ್ಟಿ ದಾರದಲ್ಲಿ ಒತ್ತಾಗಿ ಪೋಣಿಸಿ, ಕೊರಳ ಸುತ್ತ ಕಟ್ಟುತ್ತಾರೆ. ಕಟ್ಟು ಸಡಿಲವಿದ್ದರೆ ಓಟದ ಜೋರಿಗೇ ಉದುರಿ ಹೋಗುತ್ತದೆ. ತೀರ ಬಿಗಿಯಾದರೆ ಹಿಡಿದವನ ಬೆರಳು ದಾರದಲ್ಲಿ ಸಿಕ್ಕಿ, ಹೋರಿ ಅವನನ್ನು ಎಳೆದುಕೊಂಡು ಹೋಗುವ ಅಪಾಯ. ಹಾಗಾಗಿ ಸರ ಕಟ್ಟುವ ಕೆಲಸ ಮನೆಯ ಅನುಭವಸ್ಥರ ಪಾಲಿಗೇ ಬರುತ್ತದೆ. ಬೆನ್ನಿಗೆ ಜರಿಯಂಚಿನ ಜೂಲ, ಕಾಲಿಗೆ ಗೆಜ್ಜೆ, ಕೊಂಬಿಗೆ ರಿಬ್ಬನ್ನು, ಬಲೂನಿನ ಗೊಂಚಲು. ಕೆಲವೆಡೆ ಕೊಂಬಿನ ನಡುವೆ ಪೀಪಿ ಎಂಬ ಆಳೆತ್ತರದ ಅಲಂಕಾರ ಕಟ್ಟಿ ಬಿಡುತ್ತಾರೆ. ಓಡುವ ಪ್ರಾಣಿಗೆ ಇಷ್ಟೆಲ್ಲ ಹೊರೆ ಏಕೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ಆದರೆ ಗುಂಪಿನ ಹಿಂದೆ ನಿಂತವನಿಗೆ ಹೋರಿಯ ಮೈ ಕಾಣುವುದಿಲ್ಲ. ತಲೆಗಳ ಮೇಲೆ ಹಾರಿಬರುವ ಬಲೂನು ನೋಡಿಯೇ ಯಾವ ಹೋರಿ ಬಂತೆಂದು ಅವನು ಗುರುತಿಸುತ್ತಾನೆ.

ಹೋರಿಗಳ ತಳಿಯಲ್ಲೂ ಬದಲಾವಣೆ ಬಂದಿದೆ. ಹಿಂದೆ ಹೊಲದಲ್ಲಿ ದುಡಿಯುವ ಅಮೃತಮಹಲ್, ಹಳ್ಳಿಕಾರ್, ಕಿಲಾರಿ ಜಾತಿಯ ದನಗಳೇ ಹಬ್ಬದ ದಿನ ಓಡುತ್ತಿದ್ದವು. ಮೈಸೂರು ಅರಸರ ಸೈನ್ಯದ ಸಾಮಾನು ಎಳೆಯಲು ಬೆಳೆಸಿದ ಅಮೃತಮಹಲ್‌ಗೆ ವೇಗ ಹುಟ್ಟುಗುಣ. ಈಗ ಸ್ಪರ್ಧೆಗೆಂದೇ ಸಾಕುವವರು ತಮಿಳುನಾಡಿನವರೆಗೂ ಹೋಗಿ, ಜಲ್ಲಿಕಟ್ಟಿಗೆ ಹೆಸರಾದ ತಳಿಗಳ ಹೋರಿಗಳನ್ನು ಲಕ್ಷಗಟ್ಟಲೆ ರೂಪಾಯಿ ಕೊಟ್ಟು ತರುತ್ತಾರೆ. ಇವುಗಳ ಹೆಗಲಿಗೆ ನೊಗ ಇಡುವುದಿಲ್ಲ. ಹುರುಳಿ, ಹತ್ತಿಕಾಳು, ಹಿಂಡಿ, ಮೊಟ್ಟೆ, ಹಾಲು ಇವುಗಳ ಮೇವು; ಕೆರೆಯಲ್ಲಿ ಈಜಾಡಿಸುವುದು, ಮುಂಜಾನೆ ದೂರ ನಡೆಸುವುದು ಕಸರತ್ತು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಊರುಗಳಲ್ಲಿ ಗಂಡುಕರುವಿಗೆ ಬೆಲೆ ಉಳಿಸಿದ್ದು ಈ ಆಟವೇ ಎಂದು ಹೋರಿ ಸಾಕುವವರು ವಾದಿಸುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಬೆಲೆ ಉಳಿದದ್ದು ಓಡಬಲ್ಲ ಕೆಲವು ಹೋರಿಗಳಿಗೆ ಮಾತ್ರ, ಹಟ್ಟಿಯ ಎಲ್ಲ ಕರುಗಳಿಗಲ್ಲ.

ಹೆಸರು ಮಾಡಿದ ಹೋರಿಗೆ ಸಿನಿಮಾ ನಟನಿಗಿರುವಷ್ಟೇ ಅಭಿಮಾನಿಗಳು. ಊರಿನ ಹೆಸರಿನ ಜೊತೆ ಹುಲಿ, ಡಾನ್, ಸರ್ದಾರ ಎಂಬಂಥ ಬಿರುದು ಸೇರಿಸಿ ಕರೆಯುತ್ತಾರೆ. ಅದೇ ಹೆಸರಿನ ಟೀ ಶರ್ಟು, ಬಾವುಟ, ಫೇಸ್‌ಬುಕ್ ಪುಟ ಎಲ್ಲವೂ ಹುಟ್ಟಿಕೊಳ್ಳುತ್ತವೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕ ಜೂಲದ ಮೇಲೆ, ಬಾವುಟದ ಮೇಲೆ ಅವರ ಭಾವಚಿತ್ರ ಹೊತ್ತು ಬರುವ ಹೋರಿಗಳು ಸಾಮಾನ್ಯವಾದವು. ಹೆಸರಾಂತ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ.

ಸ್ಪರ್ಧೆಯ ದಿನ ಹೋರಿಗಳನ್ನು ಟ್ರ್ಯಾಕ್ಟರ್, ಟೆಂಪೋಗಳಲ್ಲಿ ತರುತ್ತಾರೆ. ಹಾವೇರಿ ಪಟ್ಟಣದಲ್ಲಿ ವೀರಭದ್ರೇಶ್ವರ ಗುಡಿಯ ಆಸುಪಾಸು ಈ ಹಬ್ಬಕ್ಕೆ ಹಳೆಯ ಜಾಗ; ಹಳ್ಳಿಗಳಲ್ಲಿ ಊರ ಮುಂದಿನ ಅಗಲ ರಸ್ತೆ ಇಲ್ಲವೇ ಬಯಲೇ ಅಖಾಡ. ಧ್ವನಿವರ್ಧಕದಲ್ಲಿ ಹೆಸರು ಕೂಗಿದಾಗ ಹೋರಿಯನ್ನು ಅಖಾಡದ ಬಾಯಿಗೆ ತಂದು ಹಗ್ಗ ಬಿಚ್ಚುತ್ತಾರೆ. ಮುಂದಿನದು ಕೆಲವೇ ಸೆಕೆಂಡುಗಳ ಮಾತು. ಪಳಗಿದ ಹೋರಿ ನೇರ ಓಡುವುದಿಲ್ಲ. ತಲೆ ತಗ್ಗಿಸಿ ಒಂದು ಬದಿಗೆ ನುಗ್ಗುವಂತೆ ತೋರಿಸಿ, ಅಲ್ಲಿಯ ಜನ ಹಿಂದೆ ಸರಿದೊಡನೆ ಇನ್ನೊಂದು ಬದಿಯಿಂದ ಹಾರಿಹೋಗುತ್ತದೆ. ಪಳಗಿದ ಪೈಲ್ವಾನನೂ ಎದುರಿಗೆ ನಿಲ್ಲುವವನಲ್ಲ. ಪಕ್ಕದಲ್ಲಿ ಕಾದಿದ್ದು, ಹೋರಿಯ ಕೊಂಬು ತನ್ನನ್ನು ದಾಟಿದ ಮರುಕ್ಷಣ ಹೆಗಲಿಗೆ ಮೈಕೊಟ್ಟು, ಒಂದು ಕೈಯಿಂದ ಕೊರಳು ತಬ್ಬಿ ಇನ್ನೊಂದು ಕೈಯನ್ನು ಸರಕ್ಕೆ ಹಾಕುತ್ತಾನೆ. ಜಲ್ಲಿಕಟ್ಟಿನಲ್ಲಿ ಹೋರಿಯ ಇಣಿ ಅಪ್ಪಿ ಒಂದಿಷ್ಟು ದೂರ ತಾಳಿಕೊಂಡರೆ ಗೆಲುವು. ಹಾವೇರಿಯಲ್ಲಿ ಎಷ್ಟು ದೂರ ಜೋತುಬಿದ್ದರೂ ಕೊಬ್ಬರಿ ಕೈಗೆ ಬರದಿದ್ದರೆ ಲೆಕ್ಕಕ್ಕಿಲ್ಲ.

ಎಲ್ಲಕ್ಕಿಂತ ಜಟಿಲವಾದದ್ದು ಫಲಿತಾಂಶ. ಬೇರೆ ಆಟಗಳಲ್ಲಿ ಗೆದ್ದವರನ್ನು ಅಳೆದು ಹೇಳಬಹುದು. ಗಾಲ್ಫ್‌ನ ವೃತ್ತಿಪರ ಟೂರ್ನಿಯಲ್ಲಿ ಸಾಮಾನ್ಯವಾಗಿ ನಾಲ್ಕು ದಿನ, 72 ಕುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಮೊದಲಿಗ. ಕರಾವಳಿಯ ಕಂಬಳದಲ್ಲಿ ಗಡಿಯಾರವೇ ತೀರ್ಪುಗಾರ: 2020ರಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ 142.5 ಮೀಟರ್ ಉದ್ದದ ಓಟದ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿ ಸುದ್ದಿಯಾದರು. ಹೋರಿ ಹಬ್ಬದಲ್ಲಿ ಇಂಥ ಅಳತೆಗೋಲು ಸಿಗುವುದಿಲ್ಲ. ಕೊಬ್ಬರಿ ಪೂರ್ತಿ ಉಳಿಸಿಕೊಂಡು ಬಂದ ಹೋರಿಗಳು ಒಂದೇ ದಿನ ಹತ್ತಾರು ಇರಬಹುದು. ಅವುಗಳಲ್ಲಿ ಮೊದಲನೆಯದು ಯಾವುದು? ವೇಗ, ಜನರನ್ನು ಚೆದುರಿಸಿದ ರೀತಿ, ಎಷ್ಟು ಕೈಗಳನ್ನು ತಪ್ಪಿಸಿಕೊಂಡಿತು ಎಂಬುದನ್ನೆಲ್ಲ ತೂಗಿ ನಿರ್ಣಾಯಕರು ಹೇಳಬೇಕು. ಪೈಲ್ವಾನರ ಲೆಕ್ಕ ಸ್ವಲ್ಪ ಸುಲಭ, ಹರಿದ ಸರ ತಂದು ತೋರಿಸಿದರಾಯಿತು. ಅಲ್ಲೂ ಒಂದೇ ಸರಕ್ಕೆ ಇಬ್ಬರು ಕೈ ಹಾಕಿ ಅರ್ಧರ್ಧ ಹಿಡಿದು ಬಂದಾಗ ಜಗಳ ತಪ್ಪಿದ್ದಲ್ಲ. ಹಿಂದೆ ಹಿರಿಯರ ಮಾತೇ ಕೊನೆಯದಾಗಿತ್ತು. ಈಗ ಮೊಬೈಲ್ ವಿಡಿಯೊ ಹಿಡಿದುಕೊಂಡು ವಾದಕ್ಕೆ ಬರುತ್ತಾರೆ. ಬಹುಮಾನಗಳು ದೊಡ್ಡವಾದಷ್ಟೂ ನಿಯಮಗಳು ಬರಹಕ್ಕೆ ಇಳಿಯಬೇಕಿತ್ತು. ಆ ಕೆಲಸ ಊರೂರಿಗೆ ಒಂದೊಂದು ರೀತಿಯಲ್ಲಿ, ಅರೆಬರೆಯಾಗಿ ಆಗಿದೆ.

ಕಾನೂನಿನ ದಾರಿಯೂ ಸಲೀಸಾಗಿರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದಾಗ ಅದರ ಬಿಸಿ ಹೋರಿ ಹಬ್ಬಕ್ಕೂ ತಟ್ಟಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು, ಕಂಬಳದ ಜೊತೆ ಹೋರಿಗಳ ಓಟ, ಎತ್ತಿನಗಾಡಿ ಓಟಗಳಿಗೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅನುಮತಿ ಪಡೆದು ಸ್ಪರ್ಧೆ ನಡೆಸುವವರು ಬ್ಯಾರಿಕೇಡ್, ಆಂಬುಲೆನ್ಸ್, ಪಶುವೈದ್ಯರ ವ್ಯವಸ್ಥೆ ಮಾಡಿಕೊಳ್ಳಬೇಕು. ಬಾಲ ತಿರುಚುವುದು, ಚುಚ್ಚುವುದು, ಹೆಂಡ ಕುಡಿಸುವುದು ಅಪರಾಧ.

ಸಾವುನೋವು ಹೆಚ್ಚಾಗಿ ಆಗುವುದು ಇಂಥ ಏರ್ಪಾಡಿಲ್ಲದ ಕಡೆ. ದೀಪಾವಳಿಯ ದಿನ ಯಾವ ಸಮಿತಿಯೂ ಇಲ್ಲದೆ, ಬೇಲಿಯೂ ಇಲ್ಲದೆ ಓಣಿಗಳಲ್ಲಿ ಹೋರಿ ಬಿಡುವುದು ಇನ್ನೂ ಉಳಿದಿದೆ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಹೋರಿ ತಿವಿದು ಸತ್ತವರಲ್ಲಿ ಹೋರಿ ಹಿಡಿಯಲು ನಿಂತಿರದ ದಾರಿಹೋಕರೂ ಇದ್ದರು. ಆಟಕ್ಕೆ ಇಳಿದ ಪೈಲ್ವಾನನಿಗೆ ಕೊಂಬಿನ ದಾರಿ ಗೊತ್ತಿರುತ್ತದೆ. ತಿರುವಿನಲ್ಲಿ ನಿಂತ ಮುದುಕನಿಗೆ ಹೋರಿ ಬರುವ ಸುಳಿವೇ ಇರುವುದಿಲ್ಲ. ಬೆದರಿದ ಹೋರಿ ಅಖಾಡ ಮುಗಿದ ಮೇಲೂ ಓಡುತ್ತಲೇ ಇರುತ್ತದೆ. ಅದನ್ನು ಹಿಡಿದು ಕಟ್ಟಲು ಗುರಿಯ ಆಚೆ ಸಾಕಷ್ಟು ಬಯಲು, ಅಲ್ಲಿ ಕಾಯುವ ಮನೆಯವರು ಬೇಕು. ಊರು ಬೆಳೆದು ಬಯಲುಗಳು ಸೈಟುಗಳಾಗಿರುವ ಕಡೆ ಸಮಿತಿಗಳು ಸ್ಪರ್ಧೆಯನ್ನು ಊರಾಚೆಯ ಹೊಲಗಳಿಗೆ ಸಾಗಿಸುತ್ತಿವೆ. ಬೆಳೆ ಕೊಯ್ದು ತೆರವಾದ ಹೊಲ ಬಾಡಿಗೆಗೆ ಹಿಡಿದು, ಎರಡು ಸಾಲು ಬೇಲಿ ಹಾಕಿ, ಓಟದ ಕೊನೆಗೆ ದೊಡ್ಡ ಜಾಗ ಬಿಡುವುದು ಈಗಿನ ಹೊಸ ರೂಢಿ.