ಪಹಣಿ ಅಂತ ಬರೆದೆ, ಮಾವ ಉತಾರ ಅಂತ ಹುಡುಕಿದ್ರು: ಹೊಸಬರಿಗೆ ಎಸ್‌ಇಒ ಪಾಠ

ಇವತ್ತಿನ ಸಂಚಿಕೆ ವೆಬ್‌ಗೆ ಹೊಸದಾಗಿ ಬರೆಯೋಕೆ ಶುರು ಮಾಡಿದವರಿಗೆ. ವಿಷಯ ಎಸ್‌ಇಒ. ಅಂದ್ರೆ, ನಾವು ಬರೆದಿದ್ದು ಗೂಗಲ್‌ನಲ್ಲಿ ಹುಡುಕುವವರ ಕೈಗೆ ಸಿಗೋ ಹಾಗೆ ಬರೆಯೋದು.

ಮೊದಲು ನನ್ನದೇ ಎಡವಟ್ಟು ಹೇಳ್ತೀನಿ. ಬಿ.ಕಾಂ ಮುಗಿಸಿದ ಹೊಸದರಲ್ಲಿ, ಆನ್‌ಲೈನ್‌ನಲ್ಲಿ ಪಹಣಿ ತೆಗೆಯೋದು ಹೇಗೆ ಅಂತ ಒಂದು ಲೇಖನ ಬರೆದಿದ್ದೆ. ಶೀರ್ಷಿಕೆ 'ಮಣ್ಣಿನ ಮಕ್ಕಳಿಗೆ ಡಿಜಿಟಲ್ ಬೆಳಕು'. ಬರೆದಾಗ ಭಾರಿ ಖುಷಿ. ಮೂರು ತಿಂಗಳಾದ್ರೂ ಓದಿದವರು ನಾನು ಮತ್ತು ನನ್ನ ತಂಗಿ, ಇಬ್ಬರೇ. ಅದೇ ಸಮಯದಲ್ಲಿ ಹುಬ್ಬಳ್ಳಿ ಕಡೆಯ ನಮ್ಮ ಮಾವ ಫೋನ್ ಮಾಡಿ, "ಒಂದು ಉತಾರ ತರಾಕ ಇಡೀ ದಿನ ಹೋತಪ" ಅಂದ್ರು. ಮೊಬೈಲ್‌ನಲ್ಲಿ 'ಉತಾರ' ಅಂತ ಹುಡುಕಿದ್ರಂತೆ, ಬೇಕಾದ್ದು ಸಿಕ್ಕಿಲ್ಲ. ನನ್ನ ಲೇಖನದಲ್ಲಿ ಆ ಪದವೇ ಇರಲಿಲ್ಲ!

ಗೂಗಲ್ ಏನು ಮಾಡುತ್ತೆ?

ಕೆಲಸ ಮೂರು ಹಂತದಲ್ಲಿ ನಡೆಯುತ್ತೆ. ಮೊದಲು ಗೂಗಲ್‌ನ ಪ್ರೋಗ್ರಾಂ ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಹೋಗ್ತಾ ಪುಟಗಳನ್ನ ಓದುತ್ತೆ. ಆಮೇಲೆ ಯಾವ ಪುಟದಲ್ಲಿ ಏನಿದೆ ಅಂತ ಸೂಚಿಯಲ್ಲಿ ಸೇರಿಸುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ, ಲೆಡ್ಜರ್‌ನ ಮೊದಲ ಪುಟದ ಇಂಡೆಕ್ಸ್ ಇದ್ದ ಹಾಗೆ. ಕೊನೆಗೆ ಯಾರಾದ್ರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನ ಸಾಲಾಗಿ ತೋರಿಸುತ್ತೆ. ಎಲ್ಲಾ ಪುಟಗಳೂ ಸೂಚಿಗೆ ಸೇರೇ ಸೇರುತ್ತವೆ ಅನ್ನೋ ಗ್ಯಾರಂಟಿ ಇಲ್ಲ.

ಓದುಗರ ಪದ ಹಿಡಿಯಿರಿ

ಪಹಣಿ, ಆರ್‌ಟಿಸಿ, ಉತಾರ: ದಾಖಲೆ ಒಂದೇ, ಹೆಸರು ಮೂರು. ಹಾಗಾಗಿ ಬರೆಯೋ ಮುಂಚೆ ಹುಡುಕಾಟದ ಪೆಟ್ಟಿಗೆಯಲ್ಲಿ ಅರ್ಧ ಪದ ಟೈಪ್ ಮಾಡಿ, ಕೆಳಗೆ ಬರೋ ಸಲಹೆಗಳನ್ನ ನೋಡಿ. ಅವು ಜನ ಹುಡುಕುವ ಮಾತುಗಳು. ಗೂಗಲ್ ಟ್ರೆಂಡ್ಸ್ ಕೂಡ ಉಚಿತ. ಎಲ್ಲಕ್ಕಿಂತ ಒಳ್ಳೆಯ ದಾರಿ, ನಿಮ್ಮ ಅತ್ತೆ, ಮಾವ, ಪಕ್ಕದ ಮನೆಯವರನ್ನ 'ಇದಕ್ಕೆ ನೀವೇನಂತೀರಿ?' ಅಂತ ಕೇಳೋದು.

ಬರೆಯುವಾಗ

ಶೀರ್ಷಿಕೆ ನೇರವಾಗಿರಲಿ: 'ಪಹಣಿ (ಉತಾರ) ಆನ್‌ಲೈನ್‌ನಲ್ಲಿ ಪಡೆಯುವುದು ಹೇಗೆ?' ಮುಖ್ಯ ಪದ ಮುಂದೆ ಬರಲಿ, ಉದ್ದ ಆದ್ರೆ ಮೊಬೈಲ್‌ನಲ್ಲಿ ಕತ್ತರಿಸಿ ಹೋಗುತ್ತೆ. ಉತ್ತರ ಮೊದಲ ಪ್ಯಾರಾದಲ್ಲೇ ಕೊಡಿ. ಪೀಠಿಕೆ ಓದೋ ತಾಳ್ಮೆ ಯಾರಿಗೂ ಇಲ್ಲ. ಸರ್ವೆ ನಂಬರ್ ಎಲ್ಲಿ ಹಾಕಬೇಕು, ಹೆಸರು ತಪ್ಪಿದ್ರೆ ಏನು ಮಾಡಬೇಕು, ಹೀಗೆ ಒಂದೊಂದು ಪ್ರಶ್ನೆಗೂ ಉಪಶೀರ್ಷಿಕೆ ಕೊಡಿ. ಸರ್ಕಾರದ ಭೂಮಿ ಪೋರ್ಟಲ್‌ನ ಅಸಲಿ ಲಿಂಕ್ ಹಾಕಿ. ಶುಲ್ಕ ಬರೆದ್ರೆ, ಯಾವ ದಿನ ನೋಡಿದ್ದು ಅಂತಾನೂ ಬರೆಯಿರಿ. ಹಳೇ ಮಾಹಿತಿ ನಂಬಿ ಯಾರೋ ಬಸ್ ಹತ್ತಬಾರದು.

ಕನ್ನಡಿಗರು ಬೀಳೋ ಗುಂಡಿ

ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನ ಹಾಗೇ ಹಾಕಿದ್ರೆ ಕನ್ನಡದಲ್ಲಿ ಹುಡುಕಿದವರಿಗೆ ಸಿಗಲ್ಲ. ಯುನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಪೂರ್ತಿ ಲೇಖನವನ್ನ ಪೋಸ್ಟರ್ ತರ ಚಿತ್ರ ಮಾಡಿ ಹಾಕೋದೂ ಬೇಡ. ಚಿತ್ರ ಹಾಕಿದಾಗ ಅದರಲ್ಲೇನಿದೆ ಅಂತ ಆಲ್ಟ್ ಟೆಕ್ಸ್ಟ್‌ನಲ್ಲಿ ಒಂದು ಸಾಲು ಬರೆಯಿರಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದೋದು ಅದನ್ನೇ.

ಇದು ಮಾತ್ರ ಬೇಡ

ಒಂದೇ ಪದವನ್ನ ಇಪ್ಪತ್ತು ಸಲ ತುರುಕೋದು ಗೂಗಲ್ ನಿಯಮದ ಪ್ರಕಾರ ಸ್ಪ್ಯಾಮ್. ಮೆಟಾ ಕೀವರ್ಡ್ ಟ್ಯಾಗ್ ತುಂಬಿಸಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ರ‍್ಯಾಂಕಿಂಗ್‌ಗೆ ಅದನ್ನ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. 'ಶಾಕಿಂಗ್ ಸುದ್ದಿ' ಅಂತ ಕರೆದು ಒಳಗೆ ಏನೂ ಕೊಡದಿದ್ರೆ, ಬಂದವರು ಬೈಕೊಂಡು ಹೋಗ್ತಾರೆ, ಮತ್ತೆ ಬರಲ್ಲ.

ಪ್ರಕಟಿಸಿದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟ್ ಸೇರಿಸಿ. ಅದೂ ಉಚಿತ. ಪುಟ ಸೂಚಿಗೆ ಸೇರಿದೆಯಾ, ಯಾವ ಪದ ಹುಡುಕಿ ಬಂದ್ರು, ಎಲ್ಲಾ ಕಾಣುತ್ತೆ. ಒಂದೇ ದಿನಕ್ಕೆ ಫಲ ನಿರೀಕ್ಷಿಸಬೇಡಿ. ಕೆಲವು ಸಲ ವಾರಗಳೇ ಹಿಡಿಯುತ್ತೆ.

ನಾನು ಆ ಲೇಖನವನ್ನ ಶೀರ್ಷಿಕೆಯಿಂದ ಹಿಡಿದು ತಿದ್ದಿ ಬರೆದೆ. ಸ್ವಲ್ಪ ದಿನದ ಮೇಲೆ ಕನ್ಸೋಲ್ ಪಟ್ಟಿಯಲ್ಲಿ 'ಉತಾರ' ಅನ್ನೋ ಪದ ಕಾಣಿಸ್ತು. ಕ್ಲಿಕ್ ಬೆರಳೆಣಿಕೆಯಷ್ಟೇ. ಆದ್ರೆ ಅಷ್ಟು ಜನಕ್ಕಾದ್ರೂ ಒಂದು ದಿನದ ಓಡಾಟ ಉಳಿದಿರಬಹುದಲ್ವಾ?

ನಿಮ್ಮ ಹಳೇ ಲೇಖನ ಒಂದನ್ನ ಇವತ್ತೇ ತೆಗೆದು ಶೀರ್ಷಿಕೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.