ಗಣಕವಿಜ್ಞಾನ ಅಧ್ಯಾಪಕರ ವೃತ್ತಿ ಅಸ್ಮಿತೆ: ಒಂದು ಜಾನಪದೀಯ ವಿವೇಚನೆ

ಜನಪದ ಎಂಬ ಪದ ಕಿವಿಗೆ ಬಿದ್ದೊಡನೆ ಬೀಸುವ ಕಲ್ಲು, ಒಕ್ಕಣೆಯ ಕಣ, ಜಾತ್ರೆ, ಕೋಲಾಟಗಳು ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆದರೆ ಜಾನಪದಶಾಸ್ತ್ರವು ಈ ಮಿತಿಯನ್ನು ದಾಟಿ ಬಹಳ ಕಾಲವಾಗಿದೆ. ಸಮಾನವಾದ ಒಂದು ಅಂಶವನ್ನಾದರೂ ಹಂಚಿಕೊಂಡಿರುವ ಯಾವುದೇ ಗುಂಪನ್ನು ಜನಪದವೆಂದು ಪರಿಗಣಿಸಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ಪ್ರತಿಪಾದಿಸಿದರು. ಆ ಅಂಶ ಭಾಷೆಯಾಗಿರಬಹುದು, ಧರ್ಮವಾಗಿರಬಹುದು, ಕಸುಬೂ ಆಗಿರಬಹುದು. ವೃತ್ತಿ ಜಾನಪದವೆಂಬ ಅಧ್ಯಯನ ಶಾಖೆ ಬೆಳೆದದ್ದು ಈ ನೆಲೆಯಲ್ಲಿಯೇ. ಕಮ್ಮಾರ, ಕುಂಬಾರ, ನೇಕಾರ, ಮೀನುಗಾರರ ವೃತ್ತಿಜ್ಞಾನವನ್ನು ಆಸ್ಥೆಯಿಂದ ಸಂಗ್ರಹಿಸಿರುವ ನಾವು ಆಧುನಿಕ ವೃತ್ತಿಗಳತ್ತ ಅಷ್ಟಾಗಿ ಗಮನ ಹರಿಸಿಲ್ಲ. ಗಣಕವಿಜ್ಞಾನ ಅಧ್ಯಾಪಕರನ್ನು ಒಂದು ವೃತ್ತಿ ಸಮುದಾಯವಾಗಿ ಪರಿಭಾವಿಸಿ, ಅವರ ಅಸ್ಮಿತೆ ಹೇಗೆ ರೂಪುಗೊಳ್ಳುತ್ತದೆ, ಅದು ಏಕೆ ದುರ್ಬಲವಾಗಿ ಉಳಿದಿದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಒಳನೋಟ ಮತ್ತು ಹೊರನೋಟ

ಒಂದು ಗುಂಪು ತನ್ನನ್ನು ತಾನು ಕಾಣುವ ಬಗೆ ಬೇರೆ, ಹೊರಗಿನವರು ಅದನ್ನು ಕಾಣುವ ಬಗೆ ಬೇರೆ. ಈ ಎರಡೂ ನೋಟಗಳು ಜಾನಪದದಲ್ಲಿ ಅಭಿವ್ಯಕ್ತಗೊಳ್ಳುತ್ತವೆ ಎಂಬುದನ್ನು ವಿಲಿಯಂ ಹ್ಯೂ ಜಾನ್ಸೆನ್ 1959ರಲ್ಲಿಯೇ ಗುರುತಿಸಿದ್ದರು. ಗಣಕವಿಜ್ಞಾನ ಅಧ್ಯಾಪಕರ ವಿಷಯದಲ್ಲಿ ಈ ಎರಡರ ನಡುವಣ ಅಂತರ ಬಹಳ ದೊಡ್ಡದು. ಶಾಲೆಯ ಇತರರ ದೃಷ್ಟಿಯಲ್ಲಿ ಅವರು 'ಕಂಪ್ಯೂಟರ್ ಮೇಷ್ಟ್ರು'. ಪ್ರಿಂಟರ್ ಕೆಟ್ಟರೆ ಅವರನ್ನೇ ಕರೆಯಬೇಕು, ಅಂಕಪಟ್ಟಿ ಟೈಪಾಗಬೇಕಾದರೆ ಅವರೇ ಕೂರಬೇಕು, ಇಲಾಖೆಯ ಜಾಲತಾಣಕ್ಕೆ ಮಕ್ಕಳ ವಿವರ ತುಂಬಬೇಕಾದರೂ ಅವರೇ ಬೇಕು. ಗಣಿತದ ಮೇಷ್ಟ್ರನ್ನು ಯಾರೂ ಶಾಲೆಯ ಲೆಕ್ಕಪತ್ರ ಬರೆಯುವವರೆಂದು ತಿಳಿಯುವುದಿಲ್ಲ. ಆದರೆ ಗಣಕವಿಜ್ಞಾನದ ಅಧ್ಯಾಪಕರನ್ನು ಯಂತ್ರದ ಮೇಲ್ವಿಚಾರಕರೆಂದು ತಿಳಿಯುವುದು ರೂಢಿಯಾಗಿದೆ. ಸಮಸ್ಯೆಯನ್ನು ಬಿಡಿಸಿ ನೋಡುವ, ಕ್ರಮಬದ್ಧವಾಗಿ ಆಲೋಚಿಸುವ ವಿದ್ಯೆಯೊಂದನ್ನು ಕಲಿಸುವವರು ತಾವು ಎಂಬ ಒಳನೋಟಕ್ಕೆ ಈ ಹೊರನೋಟವು ನಿರಂತರವಾಗಿ ಅಡ್ಡಬರುತ್ತದೆ.

ವೃತ್ತಿಯ ಹುಟ್ಟು

ಈ ವೃತ್ತಿಗೆ ದೀರ್ಘವಾದ ವಂಶಾವಳಿ ಇಲ್ಲ. ಭಾರತದ ಶಾಲೆಗಳಲ್ಲಿ 1984-85ರಲ್ಲಿ 'ಕ್ಲಾಸ್' ಯೋಜನೆಯ ಮೂಲಕ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಯಂತ್ರ ಮೊದಲು ಬಂತು, ಅದನ್ನು ಕಲಿಸುವ ಅಧ್ಯಾಪಕರು ಆಮೇಲೆ ರೂಪುಗೊಳ್ಳಬೇಕಾಯಿತು. ಆರಂಭದ ತಲೆಮಾರಿನ ಅನೇಕರು ಗಣಿತ, ಭೌತವಿಜ್ಞಾನ, ಸಂಖ್ಯಾಶಾಸ್ತ್ರಗಳಿಂದ ಬಂದವರು. ಕರ್ನಾಟಕದಲ್ಲಿ 2001ರ ಸುಮಾರಿಗೆ ಆರಂಭವಾದ 'ಮಾಹಿತಿ ಸಿಂಧು' ಯೋಜನೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ಒಯ್ದಿತು. ಹಳ್ಳಿಯ ಮಕ್ಕಳು ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದ್ದು ಸಣ್ಣ ಸಂಗತಿಯಲ್ಲ. ಆದರೆ ಬೋಧಕರು ಖಾಸಗಿ ಸಂಸ್ಥೆಗಳ ಮೂಲಕ ಬಂದವರಾದ್ದರಿಂದ ಶಾಲೆಯ ಅಧ್ಯಾಪಕ ಬಳಗದ ಒಳಗಿನವರಾಗಲಿಲ್ಲ. ಒಪ್ಪಂದ ಮುಗಿದಾಗ ಯಂತ್ರಗಳು ಉಳಿದವು. ಕಲಿಸುವ ಅನುಭವ ಮಾತ್ರ ಬೋಧಕರೊಡನೆಯೇ ಹೊರಟುಹೋಯಿತು.

ಇದರೊಡನೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬೇಸಿಕ್, ಪ್ಯಾಸ್ಕಲ್, ಸಿ, ಸಿ ಪ್ಲಸ್ ಪ್ಲಸ್, ಪೈಥಾನ್ ಹೀಗೆ ಬೋಧನೆಯ ಮಾಧ್ಯಮವಾದ ಕ್ರಮವಿಧಿ ಭಾಷೆಗಳು ಬದಲಾಗುತ್ತಲೇ ಬಂದಿವೆ. 2019ರಲ್ಲಿ ಎನ್‌ಸಿಇಆರ್‌ಟಿ ಹೊರತಂದ 11ನೇ ತರಗತಿಯ ಗಣಕವಿಜ್ಞಾನ ಪಠ್ಯಪುಸ್ತಕವು ಪೈಥಾನ್ ಭಾಷೆಯನ್ನು ಆಧರಿಸಿದೆ. ಇಪ್ಪತ್ತು ವರ್ಷ ಕಲಿಸಿದ ಅನುಭವಿಯೂ ಪ್ರತಿ ಬದಲಾವಣೆಯಲ್ಲಿ ಒಂದರ್ಥದಲ್ಲಿ ಹೊಸಬನಾಗುತ್ತಾನೆ. ಹೀಗಾಗಿ ಅವನ ಹಿರಿತನ ನಿಲ್ಲಬೇಕಾದದ್ದು ಭಾಷೆಯ ತಿಳಿವಳಿಕೆಯ ಮೇಲಲ್ಲ, ಕಲಿಸುವ ಕಸುಬಿನ ಮೇಲೆ.

ಕಸುಬಿನ ಜ್ಞಾನ

ವಿಷಯವನ್ನು ಬಲ್ಲವರೆಲ್ಲ ಅದನ್ನು ಕಲಿಸಬಲ್ಲವರಲ್ಲ. ವಿಷಯಜ್ಞಾನ ಮತ್ತು ಬೋಧನಾಜ್ಞಾನಗಳು ಬೆರೆತ ವಿಶಿಷ್ಟವಾದ ತಿಳಿವೊಂದು ಅಧ್ಯಾಪಕನಲ್ಲಿರುತ್ತದೆ ಎಂಬುದನ್ನು ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಸ್ಪಷ್ಟಪಡಿಸಿದರು. ಒಂದು ಉದಾಹರಣೆಯನ್ನು ನೋಡಬಹುದು. ಚರಾಕ್ಷರ ಎಂದರೆ ಬೆಲೆಯನ್ನು ಇಡುವ ಡಬ್ಬಿ ಎಂದು ತರಗತಿಗಳಲ್ಲಿ ವಿವರಿಸುವುದುಂಟು. ಈ ಹೋಲಿಕೆ ಸುಲಭವಾದದ್ದು, ಆದರೆ ದಾರಿ ತಪ್ಪಿಸುವಂಥದ್ದು. 'ಬಿ'ಯಲ್ಲಿರುವ ಬೆಲೆಯನ್ನು 'ಎ'ಗೆ ಕೊಟ್ಟಾಗ 'ಬಿ' ಬರಿದಾಯಿತೆಂದು ವಿದ್ಯಾರ್ಥಿ ತಿಳಿಯುತ್ತಾನೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೇಳೆ ಸುರಿದರೆ ಮೊದಲಿನದು ಖಾಲಿಯಾಗಲೇಬೇಕಲ್ಲವೆ? ಮತ್ತೆ ಕೆಲವರು ಡಬ್ಬಿಯಲ್ಲಿ ಹಳೆಯ ಬೆಲೆಯೂ ಹೊಸ ಬೆಲೆಯೂ ಒಟ್ಟಿಗೆ ಇರುತ್ತವೆಂದು ಭಾವಿಸುತ್ತಾರೆ. ಡಬ್ಬಿಯ ಬದಲು ಸ್ಲೇಟಿನ ಹೋಲಿಕೆಯನ್ನು ಕೊಟ್ಟರೆ ಈ ಎರಡು ತೊಡಕುಗಳೂ ನಿವಾರಣೆಯಾಗುತ್ತವೆ. ಪಕ್ಕದವನ ಸ್ಲೇಟು ನೋಡಿ ಬರೆದುಕೊಂಡರೆ ಅವನದು ಅಳಿಸಿಹೋಗುವುದಿಲ್ಲ. ಹೊಸದನ್ನು ಬರೆಯಬೇಕಾದರೆ ನಮ್ಮದನ್ನು ಒರೆಸಲೇಬೇಕು.

ಇಂತಹ ತಿಳಿವು ಕ್ರಮವಿಧಿ ಬರೆಯುವ ಕಂಪನಿಯ ತಜ್ಞನಿಗೆ ಅಗತ್ಯವಿಲ್ಲ, ಅಧ್ಯಾಪಕನಿಗೆ ಅನಿವಾರ್ಯ. ಕೊನೆಗೆ ಬಂದದ್ದು ಮೊದಲು ಹೊರಡುವ 'ಸ್ಟ್ಯಾಕ್' ರಚನೆಯನ್ನು ಒಂದರ ಮೇಲೊಂದು ಜೋಡಿಸಿದ ಊಟದ ತಟ್ಟೆಗಳ ಮೂಲಕ ತೋರಿಸಬಹುದು. ಮೊದಲು ಬಂದವನು ಮೊದಲು ಹೊರಡುವ 'ಕ್ಯೂ' ರಚನೆಗೆ ನ್ಯಾಯಬೆಲೆ ಅಂಗಡಿಯ ಸಾಲಿದೆ. ಕಥೆಯೊಳಗೆ ಕಥೆ ಹುಟ್ಟಿ, ಒಳಗಿನದು ಮುಗಿದ ಮೇಲೆಯೇ ಹೊರಗಿನದು ಮುಂದುವರಿಯುವ ಪಂಚತಂತ್ರದ ನಿರೂಪಣಾಕ್ರಮವು, ಒಂದು ಕಾರ್ಯವಿಧಾನ ಮತ್ತೊಂದನ್ನು ಕರೆದು ಅದು ಮುಗಿಯುವವರೆಗೆ ಕಾಯುವ ಬಗೆಯನ್ನು ಮನದಟ್ಟು ಮಾಡಿಸಲು ಅತ್ಯಂತ ಯೋಗ್ಯವಾದುದು. ಆದರೆ ಈ ಬಗೆಯ ತಿಳಿವು ಪಠ್ಯಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಅದು ಬಾಯಿಂದ ಬಾಯಿಗೆ ಹರಿಯುವ, ಕೈಯಿಂದ ಕೈಗೆ ದಾಟುವ ಜ್ಞಾನ. ಆದ್ದರಿಂದಲೇ ಅದು ಜಾನಪದ ವಿದ್ವಾಂಸರ ಆಸಕ್ತಿಗೂ ಅರ್ಹವಾಗಿದೆ.

ಚೌಕಿ ಇಲ್ಲದ ಕಲಾವಿದ

ಯಕ್ಷಗಾನದ ತೆಂಕುತಿಟ್ಟಿನಲ್ಲಿ ಮೇಳ ಸೇರಿದ ಹೊಸಬ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಹಂತಹಂತವಾಗಿ ಮೇಲೇರುತ್ತಾನೆ. ಅವನ ಕಲಿಕೆ ರಂಗಸ್ಥಳದಲ್ಲಿ ಎಷ್ಟು ನಡೆಯುತ್ತದೆಯೋ ಚೌಕಿಯಲ್ಲಿಯೂ ಅಷ್ಟೇ ನಡೆಯುತ್ತದೆ. ಹಿರಿಯರು ಬಣ್ಣ ಹಚ್ಚಿಕೊಳ್ಳುವುದನ್ನು ನೋಡುತ್ತ, ಅವರ ಮಾತು ಕೇಳುತ್ತ ಅವನು ಕಲಾವಿದನಾಗುತ್ತಾನೆ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರ ತಮ್ಮ ಕೃತಿಯಲ್ಲಿ ಲೈಬೀರಿಯಾದ ದರ್ಜಿಗಳು, ಮೆಕ್ಸಿಕೋದ ಯುಕಟಾನ್ ಪ್ರದೇಶದ ಸೂಲಗಿತ್ತಿಯರು ಮೊದಲಾದವರ ನಿದರ್ಶನಗಳಿಂದ ಇದೇ ತತ್ತ್ವವನ್ನು ನಿರೂಪಿಸಿದ್ದಾರೆ. ಕಲಿಯುವುದೆಂದರೆ ಸಮುದಾಯವೊಂದರ ಅಂಚಿನಿಂದ ಕ್ರಮೇಣ ಒಳಗೆ ಸೇರಿಕೊಳ್ಳುವುದು. ಅಸ್ಮಿತೆ ಆ ಸೇರುವಿಕೆಯ ಫಲ.

ಗಣಕವಿಜ್ಞಾನ ಅಧ್ಯಾಪಕನ ದುಃಸ್ಥಿತಿ ಇರುವುದು ಇಲ್ಲಿಯೇ. ಎಷ್ಟೋ ಶಾಲೆಗಳಲ್ಲಿ ಆ ವಿಷಯಕ್ಕೆ ಅವನೊಬ್ಬನೇ. ಅವನಿಗೆ ರಂಗಸ್ಥಳವಿದೆ, ಚೌಕಿ ಇಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಪ್ರೌಢಶಾಲಾ ಅಧ್ಯಾಪಕರನ್ನು ಕುರಿತು ಲಿಜುನ್ ನಿ ಮತ್ತು ಮಾರ್ಕ್ ಗಜ್ಡಿಯಲ್ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಮಾತನ್ನು ಪುಷ್ಟೀಕರಿಸುತ್ತದೆ. ಅಲ್ಲಿ ಗಣಕವಿಜ್ಞಾನ ಕಲಿಸುತ್ತಿದ್ದವರೂ ತಮ್ಮನ್ನು ವಾಣಿಜ್ಯದ ಅಥವಾ ಗಣಿತದ ಅಧ್ಯಾಪಕರೆಂದೇ ಗುರುತಿಸಿಕೊಳ್ಳುವುದು ಕಂಡುಬಂತು. ಅಧ್ಯಾಪಕರ ಶೈಕ್ಷಣಿಕ ಹಿನ್ನೆಲೆ ಮತ್ತು ಅರ್ಹತಾಪತ್ರ, ಶಾಲೆಯ ಪಠ್ಯಕ್ರಮ ಹಾಗೂ ವಿಭಾಗಗಳ ಶ್ರೇಣಿ, ಸಹವೃತ್ತಿಗರ ಸಮುದಾಯದ ಲಭ್ಯತೆ, ವಿಷಯವನ್ನು ಕುರಿತ ಅವರ ಗ್ರಹಿಕೆ ಈ ನಾಲ್ಕು ಅಂಶಗಳು ಅಸ್ಮಿತೆಯನ್ನು ರೂಪಿಸುತ್ತವೆಂದು ಸಂಶೋಧಕರು ಗುರುತಿಸಿದರು.

ಈ ಕೊರತೆಗೆ ಪರಿಹಾರದ ಯತ್ನಗಳೂ ನಡೆದಿವೆ. ಜೋಶ್ ಟೆನೆನ್‌ಬರ್ಗ್ ಮತ್ತು ಸ್ಯಾಲಿ ಫಿಂಚರ್ 2005-06ರಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಅಧ್ಯಾಪಕರ ಕೂಟಗಳನ್ನು ರೂಪಿಸಿದರು. ಕ್ರಮವಿಧಿ ರಚನೆಯ ಆರಂಭಿಕ ಪಾಠ ಹೇಳುವವರು ವರ್ಷವಿಡೀ ತಿಂಗಳಿಗೊಮ್ಮೆ ಸೇರಿ, ತಾವು ಏನನ್ನು ಏಕೆ ಹಾಗೆ ಕಲಿಸುತ್ತೇವೆಂಬುದನ್ನು ಬರಹದಲ್ಲಿ ದಾಖಲಿಸಿ, ಪರಸ್ಪರರ ತರಗತಿಗಳನ್ನು ನೋಡಿದರು. ಊರ ಗೋಮಾಳದಂತೆ ಬೋಧನಾಜ್ಞಾನವೂ ಎಲ್ಲರಿಗೂ ಸೇರಿದ ಆಸ್ತಿಯಾಗಬೇಕೆಂಬುದು ಅದರ ಆಶಯ.

ಇಂಗ್ಲೆಂಡಿನ ನಿದರ್ಶನ

ಈ ಮಾತಿನ ಸತ್ಯ ಇಡೀ ದೇಶವೊಂದರ ಮಟ್ಟದಲ್ಲಿ ಪರೀಕ್ಷೆಗೊಳಗಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಶಾಲೆಗಳಲ್ಲಿ ಬಹುಮಟ್ಟಿಗೆ ಕಚೇರಿ ತಂತ್ರಾಂಶಗಳ ಬಳಕೆಯೇ ಪಾಠವಾಗಿತ್ತು. ಇದರಿಂದ ಅತೃಪ್ತರಾದವರು 2008ರಲ್ಲಿ 'ಕಂಪ್ಯೂಟಿಂಗ್ ಅಟ್ ಸ್ಕೂಲ್' ಎಂಬ ಬಳಗ ಕಟ್ಟಿದರು. 2012ರ ಜನವರಿಯಲ್ಲಿ ರಾಯಲ್ ಸೊಸೈಟಿಯ ವರದಿ ಬಂತು. 2014ರ ಸೆಪ್ಟೆಂಬರಿನಲ್ಲಿ ಹೊಸ ಪಠ್ಯಕ್ರಮ ಜಾರಿಗೊಂಡಿತು. ಹಳೆಯ ವಿಷಯದ ಅಧ್ಯಾಪಕರು ಅಲ್ಪಾವಧಿಯಲ್ಲಿ ಹೊಸ ವಿಷಯದವರಾಗಬೇಕಾಯಿತು. ಪಠ್ಯಕ್ರಮ ಬದಲಾದಷ್ಟು ಬೇಗ ಅಧ್ಯಾಪಕ ಬದಲಾಗುವುದಿಲ್ಲ. ಗಣಕ ಶಿಕ್ಷಣದ ಸ್ಥಿತಿ ಅಲ್ಲಲ್ಲಿ ಮಾತ್ರ ಚೆನ್ನಾಗಿದೆ, ಒಟ್ಟಾರೆ ದುರ್ಬಲವಾಗಿದೆ ಎಂದು 2017ರಲ್ಲಿ ಅದೇ ಸೊಸೈಟಿ ಹೇಳಬೇಕಾಯಿತು. ಅನಂತರ 2018ರಲ್ಲಿ ಅಧ್ಯಾಪಕರ ತರಬೇತಿಗಾಗಿ ರಾಷ್ಟ್ರೀಯ ಕೇಂದ್ರವೊಂದನ್ನು ಸರ್ಕಾರ ಸುಮಾರು 8.4 ಕೋಟಿ ಪೌಂಡುಗಳ ನೆರವಿನೊಂದಿಗೆ ಆರಂಭಿಸಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ಗಣಕವಿಜ್ಞಾನ ಅಧ್ಯಾಪಕನ ಅಸ್ಮಿತೆಯನ್ನು ಯಂತ್ರವಾಗಲಿ ಪ್ರಮಾಣಪತ್ರವಾಗಲಿ ತಾವೇ ನಿರ್ಮಿಸಲಾರವು. ಅದನ್ನು ನಿರ್ಮಿಸುವುದು ವೃತ್ತಿಬಾಂಧವರ ಬಳಗ. ಐದು ಅಥವಾ ಹತ್ತು ದಿನಗಳ ತರಬೇತಿ ಹೊಸ ತಂತ್ರಾಂಶವನ್ನು ಪರಿಚಯಿಸೀತು, ಕಸುಬುದಾರನನ್ನು ರೂಪಿಸಲಾರದು. ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೊಮ್ಮೆ ಕೂಡುವ ಅಧ್ಯಾಪಕರ ಕೂಟಗಳು, ಅವರು ಬಳಸುವ ಕನ್ನಡದ ಹೋಲಿಕೆ, ಒಗಟು, ವಿವರಣೆಗಳ ಸಂಗ್ರಹ, ನಿವೃತ್ತರಾಗುತ್ತಿರುವ ಮೊದಲ ತಲೆಮಾರಿನವರ ಅನುಭವದ ದಾಖಲೀಕರಣ ಇವು ತುರ್ತಾಗಿ ಆಗಬೇಕಾದ ಕೆಲಸಗಳು. ಕೊನೆಯದಕ್ಕೆ ಕ್ಷೇತ್ರಕಾರ್ಯದಲ್ಲಿ ಪಳಗಿದ ಜಾನಪದ ಸಂಶೋಧಕರೂ ನೆರವಾಗಬಲ್ಲರು.

ಹೀಗಾಗದಿದ್ದರೆ ನಷ್ಟವಾಗುವುದು ಅಧ್ಯಾಪಕನಿಗೆ ಮಾತ್ರವಲ್ಲ. ನಗರದ ವಿದ್ಯಾರ್ಥಿಗೆ ಕಲಿಯಲು ಬೇರೆ ದಾರಿಗಳಿವೆ. ಹಳ್ಳಿಯ ಕನ್ನಡ ಶಾಲೆಯ ಹುಡುಗಿಗೆ ಇರುವವರು ಆ ಒಬ್ಬ ಮೇಷ್ಟ್ರು. ತಾನು ಯಾರೆಂಬುದರ ಬಗ್ಗೆ ಅವರಿಗೇ ಖಚಿತತೆ ಇಲ್ಲವಾದರೆ, ಈ ವಿದ್ಯೆ ತನ್ನದೂ ಹೌದೆಂಬ ಭರವಸೆಯನ್ನು ಆ ಹುಡುಗಿಗೆ ಅವರು ಕೊಡುವುದಾದರೂ ಹೇಗೆ?