ಸ್ಟಾರ್‌ಗಳನ್ನು ಬಿಟ್ಟುಕೊಟ್ಟೂ ಗೆಲ್ಲೋ ತಂಡ: ಬೇಸ್‌ಬಾಲ್‌ನ ಸಮಬಲಕ್ಕೆ ಬೆಲೆ ಕಟ್ಟೋರು ಯಾರು?

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇವತ್ತು ಕ್ರಿಕೆಟ್ ಅಲ್ಲ, ಅಮೆರಿಕದ ಬೇಸ್‌ಬಾಲ್. ನಿಯಮ ಗೊತ್ತಿಲ್ಲದಿದ್ರೂ ಪರವಾಗಿಲ್ಲ. ಯಾಕಂದ್ರೆ ಇವತ್ತಿನ ಕಥೆಯ ಮುಖ್ಯ ಭಾಗ ನಡೆಯೋದು ಆಟ ಮುಗಿದ ಮೇಲೆ, ಚಳಿಗಾಲದಲ್ಲಿ. ಇದನ್ನ ಅಲ್ಲಿ ಆಫ್‌ಸೀಸನ್ ಅಂತಾರೆ.

ಮೊದಲು ಒಂದು ಪ್ರಶ್ನೆ. ನೀವೇ ಒಂದು ತಂಡ ನಡೆಸ್ತಾ ಇದ್ದೀರಿ ಅಂದ್ಕೊಳ್ಳಿ. ನಿಮ್ಮ ಅತ್ಯುತ್ತಮ ಬೌಲರ್ ನಿಮ್ಮ ಜೊತೆ ಇರೋದು ಇನ್ನು ಒಂದೇ ವರ್ಷ. ಆಮೇಲೆ ಅವನು ಕೇಳೋ ದುಡ್ಡು ನಿಮ್ಮ ಹತ್ರ ಇಲ್ಲ. ಅವನನ್ನ ಇಟ್ಕೊಂಡು ಈ ವರ್ಷವೇ ಕಪ್‌ಗೆ ಕೈ ಹಾಕ್ತೀರಾ? ಅಥವಾ ಈಗಲೇ ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಇಬ್ಬರು ಹುಡುಗರನ್ನ ತಗೋತೀರಾ?

2024ರ ಫೆಬ್ರವರಿ 1ರಂದು ಮಿಲ್ವಾಕಿ ಬ್ರೂವರ್ಸ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. 2021ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಸಿಗೋ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದ ಕಾರ್ಬಿನ್ ಬರ್ನ್ಸ್‌ನನ್ನ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಬಂದದ್ದು ಜೋಯಿ ಒರ್ಟಿಜ್, ಡಿ.ಎಲ್. ಹಾಲ್ ಅನ್ನೋ ಇಬ್ಬರು ಯುವ ಆಟಗಾರರು ಮತ್ತು ಹೊಸಬರ ಡ್ರಾಫ್ಟ್‌ನಲ್ಲಿ 34ನೇ ಆಯ್ಕೆಯ ಹಕ್ಕು.

ಚಿಕ್ಕ ಊರು, ಚಿಕ್ಕ ಜೇಬು

ಮಿಲ್ವಾಕಿ ಇರೋದು ವಿಸ್ಕಾನ್ಸಿನ್ ರಾಜ್ಯದಲ್ಲಿ. ನಗರದ ಜನಸಂಖ್ಯೆ ಆರು ಲಕ್ಷಕ್ಕಿಂತ ಕಡಿಮೆ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕದು. ಮೇಜರ್ ಲೀಗ್‌ನ 30 ತಂಡಗಳಲ್ಲಿ ಅತಿ ಚಿಕ್ಕ ಟಿವಿ ಮಾರುಕಟ್ಟೆ ಇವರದ್ದೇ. ಇನ್ನೊಂದು ಕಡೆ ಲಾಸ್ ಏಂಜಲೀಸ್ ಡಾಡ್ಜರ್ಸ್. 2013ರಲ್ಲಿ ಅವರು ಸ್ಥಳೀಯ ಟಿವಿ ಪ್ರಸಾರಕ್ಕೇ 25 ವರ್ಷಕ್ಕೆ 835 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡ್ರು.

ಐಪಿಎಲ್‌ನಲ್ಲಿ ಹೀಗಾಗಲ್ಲ. 2025ರ ಸೀಸನ್‌ಗೆ ಎಲ್ಲ ತಂಡಗಳ ಪರ್ಸ್ ಒಂದೇ: 120 ಕೋಟಿ ರೂಪಾಯಿ. ಬೇಸ್‌ಬಾಲ್‌ನಲ್ಲಿ ಅಂಥ ಮಿತಿಯೇ ಇಲ್ಲ. ಇರೋದು ಒಂದು ಗೆರೆ. 2025ರಲ್ಲಿ ಆ ಗೆರೆ 24.1 ಕೋಟಿ ಡಾಲರ್. ಸಂಬಳದ ಒಟ್ಟು ಮೊತ್ತ ಅದನ್ನ ದಾಟಿದ್ರೆ ತೆರಿಗೆ ಕಟ್ಟಬೇಕು. ಮತ್ತೆ ಮತ್ತೆ ದಾಟಿದ್ರೆ ತೆರಿಗೆಯ ದರವೂ ಏರುತ್ತೆ. ಇದರ ಹೆಸರೇ 'ಪೈಪೋಟಿ ಸಮತೋಲನ ತೆರಿಗೆ'. ಡಾಡ್ಜರ್ಸ್ 2024ರಲ್ಲಿ ಈ ತೆರಿಗೆ ಅಂತಲೇ 10.3 ಕೋಟಿ ಡಾಲರ್ ಕಟ್ಟಿತು, ಮತ್ತೆ ಖರ್ಚು ಮಾಡೋಕೆ ಹೊರಟಿತು. 2025ರಲ್ಲಿ ಅವರ ಆಟಗಾರರ ಸಂಬಳ ಬ್ರೂವರ್ಸ್‌ನ ಸುಮಾರು ಮೂರು ಪಟ್ಟು.

ಹಾಗಾದ್ರೆ ಮಿಲ್ವಾಕಿ ಉಳ್ಕೊಂಡಿರೋದು ಹೇಗೆ?

ಇಲ್ಲೇ ಅಸಲಿ ವಿಷಯ ಇರೋದು. ಮೇಜರ್ ಲೀಗ್‌ಗೆ ಬಂದ ಆಟಗಾರ ಆರು ವರ್ಷದ ಸೇವೆ ಮುಗಿಸೋ ತನಕ ಅವನ ಹಕ್ಕು ತಂಡದ ಕೈಯಲ್ಲಿರುತ್ತೆ. ಮೊದಲ ಮೂರು ವರ್ಷ ಹೆಚ್ಚು ಕಡಿಮೆ ಕನಿಷ್ಠ ಸಂಬಳ. 2025ರಲ್ಲಿ ಅದು 7.6 ಲಕ್ಷ ಡಾಲರ್. ನಮಗೆ ದೊಡ್ಡ ದುಡ್ಡೇ, ಆದ್ರೆ ಅದೇ ಮಟ್ಟದ ಆಟ ಆಡೋ ಹಿರಿಯನಿಗೆ ಎರಡು ಮೂರು ಕೋಟಿ ಡಾಲರ್ ಸಿಗ್ತಿರುತ್ತೆ.

ನಾಲ್ಕನೇ ವರ್ಷದಿಂದ ಆರ್ಬಿಟ್ರೇಷನ್, ಅಂದ್ರೆ ಪಂಚಾಯ್ತಿ. ಆಟಗಾರ ಒಂದು ಮೊತ್ತ ಹೇಳ್ತಾನೆ, ತಂಡ ಇನ್ನೊಂದು ಹೇಳುತ್ತೆ. ಪಂಚರು ಎರಡರಲ್ಲಿ ಒಂದನ್ನೇ ಆರಿಸಬೇಕು. ನಡುವಿನ ಮೊತ್ತ ಕೊಡೋ ಹಾಗಿಲ್ಲ. 2023ರಲ್ಲಿ ಬರ್ನ್ಸ್ ಮತ್ತು ಬ್ರೂವರ್ಸ್ ಹೀಗೇ ಎದುರುಬದುರು ಕೂತ್ರು. ವ್ಯತ್ಯಾಸ ಇದ್ದದ್ದು 7.4 ಲಕ್ಷ ಡಾಲರ್ ಅಷ್ಟೇ. ತಂಡ ಗೆದ್ದಿತು. ಆದ್ರೆ ವಿಚಾರಣೆಯಲ್ಲಿ ತಂಡ ತನ್ನ ಬಗ್ಗೆ ಆಡಿದ ಮಾತು ನೋವು ಕೊಟ್ಟಿದೆ, ಸಂಬಂಧಕ್ಕೆ ಪೆಟ್ಟು ಬಿದ್ದಿದೆ ಅಂತ ಬರ್ನ್ಸ್ ಪತ್ರಕರ್ತರ ಮುಂದೆ ಬಹಿರಂಗವಾಗೇ ಹೇಳಿದ.

ಆರು ವರ್ಷ ಮುಗೀತು ಅಂದ್ರೆ ಆಟಗಾರ ಫ್ರೀ ಏಜೆಂಟ್. ಯಾವ ತಂಡಕ್ಕೆ ಬೇಕಾದ್ರೂ ಹೋಗಬಹುದು. ಆಗ ಗೆಲ್ಲೋದು ದೊಡ್ಡ ಜೇಬು. ಹಾಗಾಗಿ ಮಿಲ್ವಾಕಿಯ ಸೂತ್ರ ಸರಳ: ಆರು ವರ್ಷ ತುಂಬೋಕೆ ಮೊದಲೇ ಕೊಟ್ಬಿಡು, ಬದಲಿಗೆ ಮುಂದೆ ಆರು ವರ್ಷ ಇರೋ ಹುಡುಗರನ್ನ ತಗೋ.

ಮತ್ತೆ ಒಂದು ಚಳಿಗಾಲ

ಬರ್ನ್ಸ್ ಇಲ್ಲದೆ 2024ರಲ್ಲಿ ಬ್ರೂವರ್ಸ್ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಪ್ಲೇಆಫ್ ಮೊದಲ ಸುತ್ತಿನ ಕೊನೆಯ ಪಂದ್ಯದಲ್ಲಿ, ಒಂಬತ್ತನೇ ಇನ್ನಿಂಗ್ಸ್‌ಗೆ 2-0 ಮುನ್ನಡೆಯೂ ಇತ್ತು. ಚೆಂಡು ಇದ್ದದ್ದು ಡೆವಿನ್ ವಿಲಿಯಮ್ಸ್ ಕೈಯಲ್ಲಿ. ಕ್ಲೋಸರ್ ಅವನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೊನೆಯ ಓವರ್ ಹಾಕೋನು. ನ್ಯೂಯಾರ್ಕ್ ಮೆಟ್ಸ್‌ನ ಪೀಟ್ ಅಲೊನ್ಸೊ ಅವನ ಚೆಂಡನ್ನ ಮೂರು ರನ್‌ನ ಹೋಮ್ ರನ್ ಮಾಡಿದ. ಮಿಲ್ವಾಕಿ ಮನೆಗೆ.

ಎರಡು ತಿಂಗಳ ನಂತರ ಮತ್ತೆ ಅದೇ ಲೆಕ್ಕ. ಆ ವರ್ಷ 32 ಹೋಮ್ ರನ್ ಹೊಡೆದಿದ್ದ ವಿಲ್ಲಿ ಅಡಾಮೆಸ್ ಫ್ರೀ ಏಜೆಂಟ್ ಆಗಿ 18.2 ಕೋಟಿ ಡಾಲರ್‌ಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ. ವಿಲಿಯಮ್ಸ್‌ಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಅವನನ್ನ ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟು ಪಿಚರ್ ನೆಸ್ಟರ್ ಕೊರ್ಟೆಸ್, ಕ್ಯಾಲೆಬ್ ಡರ್ಬಿನ್ ಮತ್ತು 20 ಲಕ್ಷ ಡಾಲರ್ ತಗೊಂಡ್ರು.

2025ರ ಮಾರ್ಚ್ 29. ಸೀಸನ್‌ನ ಎರಡನೇ ಪಂದ್ಯ, ಎದುರಾಳಿ ಅದೇ ಯಾಂಕೀಸ್. ಕೊರ್ಟೆಸ್ ಹಾಕಿದ ಮೊದಲ ಮೂರು ಚೆಂಡೂ ಹೋಮ್ ರನ್! ಸ್ಕೋರ್ 20-9. ಈ ಟ್ರೇಡ್ ನೋಡಿ ನಗದೇ ಇದ್ದೋರು ಕಡಿಮೆ.

ಆದ್ರೆ ನಿಧಾನವಾಗಿ ಲೆಕ್ಕ ಕೂಡಿ ಬಂತು. ಬರ್ನ್ಸ್‌ಗೆ ಬದಲಾಗಿ ಬಂದ ಒರ್ಟಿಜ್, ಅಡಾಮೆಸ್ ಖಾಲಿ ಮಾಡಿದ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತ. ಐದೂವರೆ ಅಡಿ ಎತ್ತರದ ಡರ್ಬಿನ್ ಮೂರನೇ ಬೇಸ್ ಕಾಯ್ದ, ಲೀಗ್‌ನ ವರ್ಷದ ಹೊಸಬ ಪ್ರಶಸ್ತಿಯ ಮತದಾನದಲ್ಲಿ ಮೂರನೆಯವನಾದ. ಕ್ಲೋಸರ್ ಕೆಲಸ ತಂಡದಲ್ಲೇ ಇದ್ದ ಟ್ರೆವರ್ ಮೆಗಿಲ್‌ಗೆ ಬಂತು. ಆಗಸ್ಟ್‌ನಲ್ಲಿ ಸತತ 14 ಗೆಲುವು, ತಂಡದ ದಾಖಲೆ. ಕೊನೆಗೆ 97 ಗೆಲುವು, 65 ಸೋಲು. ಇಡೀ ಮೇಜರ್ ಲೀಗ್‌ನಲ್ಲಿ ಆ ವರ್ಷ ಅದಕ್ಕಿಂತ ಒಳ್ಳೆ ದಾಖಲೆ ಯಾರದ್ದೂ ಇಲ್ಲ. ಡಾಡ್ಜರ್ಸ್ ವಿರುದ್ಧ ಆರಕ್ಕೆ ಆರೂ ಗೆದ್ದಿದ್ರು.

ಅಕ್ಟೋಬರ್‌ನಲ್ಲಿ ಬಿದ್ದ ಗೋಡೆ

ಇಷ್ಟು ಕೇಳಿದ್ರೆ, 'ದುಡ್ಡು ಮುಖ್ಯ ಅಲ್ಲ, ತಲೆ ಮುಖ್ಯ' ಅನ್ನಿಸುತ್ತೆ ಅಲ್ವಾ? ಸ್ವಲ್ಪ ತಡೀರಿ.

ನ್ಯಾಷನಲ್ ಲೀಗ್ ಫೈನಲ್‌ನಲ್ಲಿ ಅದೇ ಡಾಡ್ಜರ್ಸ್ ಎದುರಾದ್ರು. ಈ ಸಲ 4-0, ಡಾಡ್ಜರ್ಸ್ ಪರವಾಗಿ. ಬ್ರೂವರ್ಸ್ ಪ್ರತಿ ಪಂದ್ಯದಲ್ಲೂ ಒಂದೇ ಒಂದು ರನ್. ನಾಲ್ಕು ಪಂದ್ಯ, ನಾಲ್ಕು ರನ್. ಈ ನಾಲ್ಕು ಪಂದ್ಯ ಶುರು ಮಾಡಿದ ಡಾಡ್ಜರ್ಸ್ ಪಿಚರ್‌ಗಳನ್ನ ನೋಡಿ: ಬ್ಲೇಕ್ ಸ್ನೆಲ್, ಯೋಶಿನೋಬು ಯಮಾಮೊಟೊ, ಟೈಲರ್ ಗ್ಲಾಸ್ನೌ, ಶೋಹೆ ಒಟಾನಿ. ನಾಲ್ವರೂ ಕಳೆದ ಎರಡೇ ಆಫ್‌ಸೀಸನ್‌ಗಳಲ್ಲಿ ಬಂದವರು. ಒಪ್ಪಂದಗಳ ಒಟ್ಟು ಮೊತ್ತ 130 ಕೋಟಿ ಡಾಲರ್ ಮೀರುತ್ತೆ. ಅದರಲ್ಲಿ 70 ಕೋಟಿ ಒಟಾನಿ ಒಬ್ಬನದೇ, ಅದೂ 68 ಕೋಟಿಯನ್ನ 2034ರಿಂದ ಕೊಡೋ ಷರತ್ತಿನ ಮೇಲೆ. ಹೀಗೆ ಮುಂದೂಡಿದ್ರಿಂದ ತೆರಿಗೆ ಲೆಕ್ಕದಲ್ಲೂ ಅವನ ವರ್ಷದ ಸಂಬಳ ಏಳು ಕೋಟಿ ಬದಲು ಸುಮಾರು 4.6 ಕೋಟಿ ಅಷ್ಟೇ. ನಾಲ್ಕನೇ ಪಂದ್ಯದಲ್ಲಿ ಆತ ಹತ್ತು ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ ಮಾಡಿ, ತಾನೇ ಮೂರು ಹೋಮ್ ರನ್ ಹೊಡೆದ.

ಅಂದ್ರೆ ಜಾಣ ನಿರ್ಧಾರಗಳು 162 ಪಂದ್ಯಗಳ ಲೀಗ್ ಹಂತ ದಾಟಿಸ್ತವೆ. ಆದ್ರೆ ಅಕ್ಟೋಬರ್‌ನಲ್ಲಿ ಬೇಕಾಗೋದು ಮೂರು ನಾಲ್ಕು ಜನ ಅಸಾಮಾನ್ಯರು. ಮಿಲ್ವಾಕಿ ಬಿಟ್ಟುಕೊಡ್ತಾ ಬಂದದ್ದು ಅಂಥವರನ್ನೇ.

ದುಡ್ಡಿದ್ರೆ ಕಪ್ ಖಚಿತ ಅಂತಲೂ ಇಲ್ಲ. ಆಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಟೊರಾಂಟೊ ವಿರುದ್ಧ ಡಾಡ್ಜರ್ಸ್ ಗೆದ್ದದ್ದು ಏಳನೇ ಪಂದ್ಯದ 11ನೇ ಇನ್ನಿಂಗ್ಸ್‌ನಲ್ಲಿ, ಒಂದೇ ರನ್‌ನಿಂದ. ಸಮಾನ ಪರ್ಸ್ ಇದ್ರೆ ಎಲ್ಲರಿಗೂ ಸರದಿ ಬರುತ್ತೆ ಅಂತಲೂ ಇಲ್ಲ. ಹಾಗಿದ್ದಿದ್ರೆ ಆರ್‌ಸಿಬಿ ಅಭಿಮಾನಿಗಳು 2025ರವರೆಗೆ, 18 ಸೀಸನ್ ಕಾಯಬೇಕಿತ್ತಾ?

ಬಿಲ್ ಯಾರಿಗೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಬೇಸ್‌ಬಾಲ್‌ನಲ್ಲಿ ಚಿಕ್ಕ ಊರುಗಳು ಪೈಪೋಟಿ ಕೊಡ್ತಿವೆ, ನಿಜ. ಶ್ರೀಮಂತ ತಂಡಗಳ ಸ್ಥಳೀಯ ಆದಾಯದ ಒಂದು ಪಾಲು ಚಿಕ್ಕ ತಂಡಗಳಿಗೆ ಹಂಚಿಕೆಯಾಗೋದೂ ನಿಜ. ಆದ್ರೆ ಚಿಕ್ಕ ತಂಡವನ್ನ ನಿಜವಾಗಿ ಎತ್ತಿ ಹಿಡಿಯೋದು ಮೊದಲ ಆರು ವರ್ಷ ಕಡಿಮೆ ಸಂಬಳಕ್ಕೆ ಆಡೋ ಹುಡುಗರು. ಲೀಗ್‌ನ ಸಮಬಲದ ಬಿಲ್‌ನಲ್ಲಿ ದೊಡ್ಡ ಪಾಲು ಕಟ್ತಾ ಇರೋದು ಅವರೇ.

ಕೆಲವರ ಪಾಲಿಗೆ ಆ ಆರು ವರ್ಷವೇ ಅತ್ಯುತ್ತಮ ವರ್ಷಗಳು. ಬರ್ನ್ಸ್‌ನನ್ನೇ ನೋಡಿ: ಫ್ರೀ ಏಜೆಂಟ್ ಆಗಿ ಅರಿಝೋನಾದಿಂದ 21 ಕೋಟಿ ಡಾಲರ್ ಒಪ್ಪಂದ ಪಡೆದ, ಕೆಲವೇ ತಿಂಗಳಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ. ಆ ಗಾಯ ಒಂದು ವರ್ಷ ಮೊದಲೇ ಆಗಿದ್ದಿದ್ರೆ ಆ ದುಡ್ಡು ಸಿಗ್ತಿತ್ತಾ?

ಈಗಿನ ಆಟಗಾರರು-ಮಾಲೀಕರ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ. ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಬೇಕು ಅನ್ನೋದು ಮಾಲೀಕರ ಕಡೆಯ ಹಳೆಯ ಬೇಡಿಕೆ. ಆಟಗಾರರ ಸಂಘ ಒಪ್ಪಲ್ಲ. 1994ರಲ್ಲಿ ಇದೇ ಜಗಳಕ್ಕೆ ಮುಷ್ಕರ ನಡೆದು, ಆ ವರ್ಷದ ವರ್ಲ್ಡ್ ಸೀರೀಸ್ಸೇ ರದ್ದಾಗಿತ್ತು. ಮಿತಿ ಬಂದ್ರೆ ಡಾಡ್ಜರ್ಸ್ ಕೈ ಕಟ್ಟಿದಂತಾಗುತ್ತೆ. ಆದ್ರೆ ಉಳಿದ ದುಡ್ಡು ಹುಡುಗರ ಕೈಗೆ ಹೋಗುತ್ತಾ, ಮಾಲೀಕರ ಜೇಬಿಗಾ? ಮಾತುಕತೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಮಿಲ್ವಾಕಿ ಒಂದು ದಾರಿ ಕಂಡುಕೊಂಡಿದೆ. 2023ರ ಡಿಸೆಂಬರ್‌ನಲ್ಲಿ, ಮೇಜರ್ ಲೀಗ್‌ನಲ್ಲಿ ಒಂದು ಚೆಂಡೂ ಎದುರಿಸದ 19 ವರ್ಷದ ಜಾಕ್ಸನ್ ಚೂರಿಯೊಗೆ ಎಂಟು ವರ್ಷಕ್ಕೆ 8.2 ಕೋಟಿ ಡಾಲರ್ ಕೊಟ್ಟಿತು. ಹುಡುಗನಿಗೆ ಭದ್ರತೆ ಬೇಗ ಸಿಕ್ಕಿತು, ತಂಡಕ್ಕೆ ಆಟಗಾರ ಅಗ್ಗವಾಗಿ ಸಿಕ್ಕ. ಅಭಿಮಾನಿಗಳಿಗೆ ಸಿಕ್ಕಿದ್ದೇನು ಅಂದ್ರೆ, ಬೆನ್ನ ಮೇಲೆ ಹೆಸರು ಬರೆಸಿಕೊಂಡು ಒಂದಷ್ಟು ವರ್ಷ ಧೈರ್ಯವಾಗಿ ಹಾಕಬಹುದಾದ ಒಂದು ಜರ್ಸಿ.

1982ರಲ್ಲಿ ಒಮ್ಮೆ ವರ್ಲ್ಡ್ ಸೀರೀಸ್ ಆಡಿ ಸೋತದ್ದು ಬಿಟ್ರೆ ಆ ತಂಡ ಮತ್ತೆ ಅಲ್ಲಿಗೆ ಹೋಗಿಲ್ಲ. ಬರ್ನ್ಸ್, ವಿಲಿಯಮ್ಸ್, ಇಬ್ಬರನ್ನೂ ಇಟ್ಕೊಂಡಿದ್ರೆ ಗೆಲ್ತಿತ್ತಾ? ನೀವಾಗಿದ್ರೆ ಏನು ಮಾಡ್ತಿದ್ರಿ? ಕಾಮೆಂಟ್‌ನಲ್ಲಿ ತಿಳಿಸಿ.